ಭಾವನ ಮನೆಯ ಶುದ್ಧ ರಕ್ತ

ನನ್ನ ಭಾವನ ಲಾಂಡ್ರಿಯಲ್ಲಿ ಇವತ್ತಿನವರೆಗೆ ಒಂದು ಬಟ್ಟೆಗೂ ಕಲೆಯಾಗಿಲ್ಲ. ಇದು ನಾನು ಹೇಳುವ ಮಾತಲ್ಲ, ಭಾವನೇ ನಲವತ್ತು ವರ್ಷದಿಂದ ಹೇಳಿಕೊಂಡು ಬಂದದ್ದು. ಗಿರಾಕಿ ಕೋಟೊಂದನ್ನು ತಂದು ಕೌಂಟರಿನ ಮೇಲಿಟ್ಟರೆ ಸಾಕು, ಭಾವ ಅದನ್ನು ದೀಪದ ಕೆಳಗೆ ಹರಡಿ, ಕನ್ನಡಕ ಹಣೆಗೇರಿಸಿ, ಕಿವಿಯ ಹಿಂದಿನ ಸೀಮೆಸುಣ್ಣ ತೆಗೆದು, ಕಂಡ ಕಂಡ ಕಲೆಯ ಸುತ್ತ ಒಂದೊಂದು ವೃತ್ತ ಎಳೆಯುತ್ತಾರೆ. ಇದು ಚಹಾ, ಇದು ಶಾಯಿ, ಇದು ಮಗುವಿನ ಮೂಗು ಒರೆಸಿದ್ದು. ಗಿರಾಕಿ ನಾಚಿಕೊಂಡು ತಲೆಯಾಡಿಸುವವರೆಗೂ ಬಿಡುವುದಿಲ್ಲ. ಬಟ್ಟೆ ವಾಪಸು ಪಡೆಯುವಾಗ ಯಾರಾದರೂ ವೃತ್ತವಿಲ್ಲದ ಹೊಸ ಕಲೆ ತೋರಿಸಿದರೆ ಅದಕ್ಕೂ ಉತ್ತರ ಸಿದ್ಧವಿರುತ್ತದೆ: "ಬರೋವಾಗ್ಲೇ ಇತ್ತು, ನೀವು ನೋಡಿರ್ಲಿಲ್ಲ."

ಭಾವನ ಸಿದ್ಧಾಂತ ಸರಳ. ಬಟ್ಟೆ ತಾನಾಗಿ ಕಲೆ ಹೆರುವುದಿಲ್ಲ, ಕಲೆ ಯಾವತ್ತೂ ಹೊರಗಿಂದಲೇ ಬರುತ್ತದೆ. ಲಾಂಡ್ರಿಯ ಮಟ್ಟಿಗೆ ಇದು ನಿಜವೇ ಇದ್ದೀತು. ಎಡವಟ್ಟಾದದ್ದು ಅದನ್ನು ಅವರು ಹಿಂಬಾಗಿಲಿನಿಂದ ಮನೆಯೊಳಕ್ಕೂ ತಂದದ್ದರಿಂದ. ಮಗಳಿಗೆ ಚಿಕ್ಕ ವಯಸ್ಸಿಗೇ ಕನ್ನಡಕ ಬಂತು, ಅದು ನನ್ನ ಅಕ್ಕನ ತವರಿನಿಂದ. ಅದೇ ಮಗಳು ಲೆಕ್ಕದಲ್ಲಿ ಮೊದಲು ಬಂದಳು, ಅದು ಭಾವನ ಅಜ್ಜನಿಂದ. ಆ ಅಜ್ಜ ಹೆಬ್ಬೆಟ್ಟು ಒತ್ತುತ್ತಿದ್ದರೂ ಮನಸ್ಸಿನಲ್ಲೇ ಗುಣಾಕಾರ ಮಾಡುತ್ತಿದ್ದರಂತೆ. ಹಟ, ಶೀತ, ಹುಳುಕು ಹಲ್ಲು, ಬಿಸಿಲಿಗೆ ತಲೆನೋವು ಇವೆಲ್ಲ ಮದುವೆಯಾಗಿ ಬಂದ ಹೆಂಗಸರು ಪೆಟ್ಟಿಗೆಯಲ್ಲಿ ಹೊತ್ತು ತಂದದ್ದು. ನೀಳ ಮೂಗು, ದುಂಡು ಅಕ್ಷರ, ಕೊಟ್ಟ ಮಾತಿಗೆ ತಪ್ಪದಿರುವುದು ಮನೆಯ ಪಿತ್ರಾರ್ಜಿತ. ಅಕ್ಕ ನಕ್ಕು ಸುಮ್ಮನಾಗುತ್ತಿದ್ದಳು. ನಾನು ಸುಮ್ಮನಾಗುವ ಪೈಕಿಯಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಮೂವತ್ತು ವರ್ಷ ಊರವರ ಜಗಳಕ್ಕೆಲ್ಲ ತಂತಿ ಜೋಡಿಸಿಕೊಟ್ಟವಳು. ನನಗೂ ಭಾವನಿಗೂ ಮೊದಲಿನಿಂದ ಎಣ್ಣೆ ಸೀಗೆಕಾಯಿ.

ಆ ಮನೆಯಲ್ಲಿ ಹೆಣ್ಣುಮಕ್ಕಳು ಇಬ್ಬರು. ಒಬ್ಬಳು ಅಕ್ಕ-ಭಾವನ ಒಬ್ಬಳೇ ಮಗಳು. ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ, ಹಾಗಾಗಿ ಮನೆಯಲ್ಲೂ ಎಲ್ಲರಿಗೂ ಟೀಚರ್. ಇನ್ನೊಬ್ಬಳು ಭಾವನ ತಮ್ಮನ ಮಗಳು. ಅವಳಿಗೆ ಐದು ವರ್ಷವಿದ್ದಾಗ ತಂದೆ ತಾಯಿ ಇಬ್ಬರೂ ಬಸ್ಸು ಉರುಳಿ ಹೋದರು. ಕೊಕ್ಕಿನಲ್ಲಿ ಹೆಕ್ಕಿದಂತೆ ತಿನ್ನುತ್ತಿದ್ದುದರಿಂದ ಗುಬ್ಬಿ ಎಂದು ಹೆಸರಾಯಿತು. ಈಗ ಇಪ್ಪತ್ತೆಂಟರ ಹೆಂಗಸು, ಲಾಂಡ್ರಿಯ ಆವಿ ಇಸ್ತ್ರಿಯೆಲ್ಲ ಅವಳದೇ ಕೈಯಲ್ಲಿ. ಭಾವ ಅವಳನ್ನು ಸಾಕಿದ ರೀತಿಗೆ ನಾನೂ ಹೆಸರಿಡಲಾರೆ. ಅವಳಿಗೆ ತಂದೆಯ ಮುಖ ಸರಿಯಾಗಿ ನೆನಪಿಲ್ಲ. ಇರುವುದು ಒಂದು ಫೋಟೋ ಮತ್ತು ಭಾವ ಹೇಳಿದ ಕಥೆಗಳು. ಆ ಕಥೆಗಳಲ್ಲಿ ತಮ್ಮ ಒಂದು ದಿನವೂ ತಪ್ಪು ಮಾಡಿದವನಲ್ಲ, ಅವನು ಸಿಳ್ಳೆ ಹೊಡೆದರೆ ಬೀದಿಯೇ ನಿಂತು ಕೇಳುತ್ತಿತ್ತು. ನನಗೆ ಗೊತ್ತಿದ್ದ ಮನುಷ್ಯ ನಮ್ಮ ನಿಮ್ಮಂಥವನೇ, ಸಿಳ್ಳೆಯೂ ಅಂಥದ್ದೇ. ಆದರೆ ಗುಬ್ಬಿ ಆ ತಂದೆಯನ್ನೇ ಹಿಡಿದುಕೊಂಡು ಬೆಳೆದಳು.

ಅಕ್ಕನಿಗೆ ಅರವತ್ತೆಂಟರಲ್ಲಿ ಸ್ತನ ಕ್ಯಾನ್ಸರ್ ಆಯಿತು. ಎರಡು ವರ್ಷ ಒದ್ದಾಡಿ ಹೋದಳು. ಆ ಎರಡು ವರ್ಷ ಭಾವ ಅವಳ ಹಾಸಿಗೆಯ ಬಟ್ಟೆಯನ್ನು ಅಂಗಡಿಯ ಮೆಷಿನ್ನಿಗೆ ಹಾಕಲಿಲ್ಲ, ತಮ್ಮ ಕೈಯಲ್ಲೇ ಒಗೆದರು. ಅಷ್ಟು ಮಾಡಿದ ಮನುಷ್ಯ, ನೋಡಲು ಬಂದವರಿಗೆಲ್ಲ ಬಾಗಿಲಲ್ಲೇ ಹೇಳುತ್ತಿದ್ದರು, ಇದು ಇವಳ ತವರಿನ ಕಡೆಯದು, ನಮ್ಮ ಮನೆಯಲ್ಲಿ ಯಾವ ಹೆಣ್ಣಿಗೂ ಈ ಕಾಯಿಲೆ ಬಂದದ್ದಿಲ್ಲ ಎಂದು. ನಮ್ಮ ತವರಿನಲ್ಲಿ ಯಾರಿಗೆ ಬಂದಿತ್ತು? ನಮ್ಮಮ್ಮ ಎಂಬತ್ತೊಂಬತ್ತರಲ್ಲಿ ಹಾಲಿನವನ ಜೊತೆ ವಾದ ಮಾಡುತ್ತ ಮಾಡುತ್ತ ಹೋದವಳು. ಅಜ್ಜಿಯರಿಬ್ಬರೂ ಮುಪ್ಪಿನಿಂದಲೇ ಸತ್ತರು. ಅದನ್ನು ಹೇಳಿದರೆ ಭಾವ, ಮುಚ್ಚಿಟ್ಟಿರುತ್ತಾರೆ ಎಂದರು. ಅಕ್ಕ ಮಾತ್ರ ನಂಬಿಬಿಟ್ಟಳು. ಕೊನೆಯ ದಿನಗಳಲ್ಲಿ ನನ್ನ ಕೈ ಹಿಡಿದು ಅವಳು ಹೇಳಿದ್ದು ಒಂದೇ ಮಾತು: "ನನ್ನಿಂದ ಟೀಚರ್‌ಗೆ ಬರ್ದೆ ಇದ್ರೆ ಸಾಕು ಕಣೇ." ನೋವಿಗಿಂತ ಹೆಚ್ಚಾಗಿ ಈ ಅಂಜಿಕೆಯೇ ಅವಳನ್ನು ತಿಂದಿತು. ಭಾವನ ಮೇಲೆ ನನಗಿದ್ದ ಸಿಟ್ಟು ಆ ದಿನ ಗಟ್ಟಿಯಾಯಿತು.

ಅಕ್ಕ ಹೋಗಿ ನಾಲ್ಕು ವರ್ಷಕ್ಕೆ ಟೀಚರ್‌ಗೆ ಗಂಟು ಕಾಣಿಸಿತು. ಅವಳಿಗೆ ಆಗ ಮೂವತ್ತೇಳು. ಆಪರೇಷನ್, ಔಷಧಿ, ತಲೆಗೂದಲು ಉದುರುವುದು, ಎಲ್ಲ ಆಯಿತು. ಅವಳು ಗಟ್ಟಿಗಿತ್ತಿ, ಬೋಳು ತಲೆಗೆ ಬಟ್ಟೆ ಸುತ್ತಿಕೊಂಡು ಪರೀಕ್ಷೆಯ ಪೇಪರ್ ತಿದ್ದಿದಳು. ಈಗ ಕೂದಲೂ ಬಂದಿದೆ, ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಶಕ್ತಿಯೂ ಬಂದಿದೆ. ಆಗ ಭಾವ ಮಾತ್ರ ಸಂಕಟದ ನಡುವೆಯೂ ತಮ್ಮ ಮಾತು ಸತ್ಯವಾಯಿತೆಂಬ ಮುಖ ಮಾಡಿಕೊಂಡು ಓಡಾಡಿದರು. ಅಮ್ಮನಿಂದ ಮಗಳಿಗೆ ಬಂತು, ಇನ್ನೇನು ಬೇಕು ಸಾಕ್ಷಿ.

ಅವಳ ಡಾಕ್ಟರು ಬೇರೆ ಯೋಚನೆ ಮಾಡಿದರು. ಇಷ್ಟು ಚಿಕ್ಕ ವಯಸ್ಸಿನಲ್ಲಿ ಬಂದರೆ ಅದು ವಂಶದಲ್ಲಿ ಹರಿದು ಬಂದದ್ದಿರಬಹುದು, ಜೀನ್ ಪರೀಕ್ಷೆ ಮಾಡಿಸಿ ಎಂದರು. ಮಾಡಿಸಿದಾಗ ಬಿಆರ್‌ಸಿಎ ಎರಡು ಎನ್ನುವ ಜೀನಿನಲ್ಲಿ ಒಂದು ದೋಷ ಸಿಕ್ಕಿತು. ಅದನ್ನು ವಿವರಿಸಲು ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ಒಬ್ಬ ಕೌನ್ಸೆಲರ್ ಹುಡುಗಿ ಇದ್ದಳು. ಕಿಟಕಿಯಿಲ್ಲದ ಕೋಣೆ, ಗೋಡೆಗೆ ಒಂದು ಗಡಿಯಾರ, ಮೇಜಿನ ಮೇಲೆ ಅಳುವವರಿಗೆಂದು ಕಾಗದದ ಕರವಸ್ತ್ರದ ಡಬ್ಬಿ. ನಾನು, ಭಾವ, ಟೀಚರ್, ಗುಬ್ಬಿ ಸಾಲಾಗಿ ಕೂತೆವು. ಭಾವ ಕೂತ ಕೂಡಲೇ ಆ ಹುಡುಗಿಯ ಬಿಳಿ ಕೋಟಿನ ತೋಳಿನಲ್ಲಿದ್ದ ಕಲೆಯನ್ನು ಗುರುತಿಸಿದರು. ನಾನು ಕಾಲು ತುಳಿದೆ.

ಹುಡುಗಿ ನಿಧಾನವಾಗಿ ಹೇಳಿದಳು. ಈ ಜೀನ್ ಎಲ್ಲರಲ್ಲೂ ಇರುತ್ತದೆ, ಗಂಡಸರಲ್ಲೂ. ಅದರ ಕೆಲಸ ರಿಪೇರಿ. ಮೈಯೊಳಗಿನ ಜೀವಕೋಶಗಳಲ್ಲಿ ದಿನಾ ಸಣ್ಣಪುಟ್ಟ ಹರುಕು ಆಗುತ್ತಿರುತ್ತದೆ, ಅದನ್ನು ಹೊಲಿದು ಸರಿ ಮಾಡುತ್ತದೆ. ಕೆಲವರಿಗೆ ಹುಟ್ಟುವಾಗಲೇ ಅದರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟಿರುತ್ತದೆ. ಅಂಥ ಹೆಂಗಸರು ಹತ್ತು ಜನರಿದ್ದರೆ ಅವರಲ್ಲಿ ಆರೇಳು ಜನಕ್ಕೆ ಬದುಕಿನಲ್ಲಿ ಎಂದಾದರೂ ಸ್ತನ ಕ್ಯಾನ್ಸರ್ ಬರಬಹುದು, ಮೂರ್ನಾಲ್ಕು ಜನಕ್ಕೆ ಬರದೆಯೂ ಇರಬಹುದು. ಭಾವ ಇಷ್ಟನ್ನು ಗಮನವಿಟ್ಟು ಕೇಳಿ, ಅಂದ್ರೆ ರಫೂ ಮಾಡೋನು ರಜಾ ಹಾಕಿದಂಗೆ ಎಂದರು. ಹುಡುಗಿಗೆ ಆ ಮಾತು ಹಿಡಿಸಿತು. ಅಲ್ಲಿಯವರೆಗೆ ಎಲ್ಲ ಸಲೀಸಾಗಿತ್ತು.

ಆಮೇಲೆ ಅವಳು ವಂಶವೃಕ್ಷ ಬರೆಯತೊಡಗಿದಳು. ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ, ಕ್ಯಾನ್ಸರ್ ಬಂದವರದ್ದಕ್ಕೆ ಒಳಗೆಲ್ಲ ಮಸಿ. ನಮ್ಮ ಕಡೆ ಮೂರು ತಲೆಮಾರು ತುಂಬ ವೃತ್ತಗಳು, ಒಂದು ಅಕ್ಕನದು ಬಿಟ್ಟರೆ ಮಿಕ್ಕಿದ್ದೆಲ್ಲ ಖಾಲಿ. ಭಾವನ ಕಡೆ ಟೀಚರ್, ಗುಬ್ಬಿ ಇಬ್ಬರ ವೃತ್ತ ಬಿಟ್ಟರೆ ಮೇಲೆಲ್ಲ ಬರೀ ಚೌಕ. ಅವರೂ ತಮ್ಮನೂ ಇಬ್ಬರೇ, ಅವರಪ್ಪನ ಕಾಲದಲ್ಲಿ ಮೂವರು ಗಂಡುಮಕ್ಕಳು, ಅಜ್ಜನೂ ಒಬ್ಬನೇ ಮಗ. ಭಾವ ಎದೆಯುಬ್ಬಿಸಿ, ನೋಡಿದ್ರಾ, ನಮ್ಮ ಕಡೆ ಒಬ್ಬ ಹೆಣ್ಣಿಗೂ ಇಲ್ಲ ಎಂದರು.

"ಹೆಣ್ಣುಮಕ್ಕಳೇ ಹುಟ್ಟಿಲ್ವಲ್ಲ ಸರ್," ಎಂದಳು ಹುಡುಗಿ.

ಮದುವೆಯಾಗಿ ಬಂದವರು ರಕ್ತಸಂಬಂಧವಲ್ಲ, ಆದ್ದರಿಂದ ಅವರು ಲೆಕ್ಕಕ್ಕಿಲ್ಲ ಎಂದೂ ಅವಳು ಸೇರಿಸಿದಳು. ನಲವತ್ತು ವರ್ಷದಿಂದ ಭಾವ ಯಾವ ಹೆಣ್ಣುಗಳ ಆರೋಗ್ಯದ ಬಗ್ಗೆ ಮೀಸೆ ತಿರುವಿದ್ದರೋ ಆ ಹೆಣ್ಣುಗಳು ಆ ಮನೆಯಲ್ಲಿ ಇರಲೇ ಇಲ್ಲ. ಕಳ್ಳತನವಾಗದ ಮನೆಯೆಂದು ಹೊಗಳಿಕೊಂಡಿದ್ದರು, ಅಲ್ಲಿ ಕದಿಯಲು ಏನೂ ಇರಲಿಲ್ಲ. ಹುಡುಗಿ ಭಾವನ ತಂದೆ ಯಾವುದರಿಂದ ಹೋದರೆಂದು ಕೇಳಿದಳು. ವಯಸ್ಸಾಗಿತ್ತು, ಮೂತ್ರ ಕಟ್ಟುತ್ತಿತ್ತು ಎಂದರು ಭಾವ. ಇದೇ ದೋಷ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ತರಬಹುದು ಎನ್ನುತ್ತ ಅವಳು ಆ ಚೌಕದ ಪಕ್ಕ ಪ್ರಾಸ್ಟೇಟ್ ಎಂದು ಬರೆದು ಒಂದು ಪ್ರಶ್ನೆಚಿಹ್ನೆ ಹಾಕಿದಳು. ತಮ್ಮ ಅಪ್ಪನ ಪಕ್ಕ ಪ್ರಶ್ನೆಚಿಹ್ನೆ ನೋಡಿ ಭಾವನ ಮುಖ ಗಂಟಿಕ್ಕಿತು.

ಅವಳು ಹೇಳಿದ ಮುಖ್ಯ ಸಂಗತಿ ಇದು. ಟೀಚರ್‌ಗೆ ಈ ದೋಷ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಬಂದಿರಬೇಕು. ಅಕ್ಕನಿಗೆ ಬಂದ ಕ್ಯಾನ್ಸರ್ ಅರವತ್ತೆಂಟರದು, ಅದು ಬರೀ ವಯಸ್ಸಿನದೂ ಇರಬಹುದು, ಬಹುಪಾಲು ಸ್ತನ ಕ್ಯಾನ್ಸರ್ ವಂಶದ್ದಲ್ಲವೇ ಅಲ್ಲ. ಅಕ್ಕ ಈಗಿಲ್ಲ. ಆದ್ದರಿಂದ ಭಾವನ ರಕ್ತ ನೋಡಿದರೆ ಎಲ್ಲ ಇತ್ಯರ್ಥವಾಗುತ್ತದೆ. ಭಾವನಲ್ಲಿ ಇಲ್ಲವೆಂದಾದರೆ ಗುಬ್ಬಿ ನಿಶ್ಚಿಂತೆಯಿಂದ ಮನೆಗೆ ಹೋಗಬಹುದು. ಇದ್ದರೆ, ಅವರ ತಮ್ಮನಲ್ಲೂ ಇದ್ದಿರಬಹುದು, ತಮ್ಮನಿಂದ ಗುಬ್ಬಿಗೂ ಬಂದಿರಬಹುದು. ಬಂದಿದ್ದರೆ ಅವಳಿಗೆ ಈಗಿನಿಂದಲೇ ವರ್ಷ ವರ್ಷ ಸ್ಕ್ಯಾನ್ ಆಗಬೇಕು, ತಡಮಾಡುವ ಹಾಗಿಲ್ಲ.

ಭಾವ ಎದ್ದು ನಿಂತು, ಗಂಡಸಿಗೆ ಇದೆಲ್ಲ ಏನು ಸಂಬಂಧ ಎಂದು ಹೊರಗೆ ಹೋಗಿ ಲಿಫ್ಟಿನ ಮುಂದೆ ನಿಂತುಕೊಂಡರು.

ಮೊದಲು ನಾನೇ ರಕ್ತ ಕೊಟ್ಟೆ. ನನ್ನಲ್ಲಿ ಇರಲಿಲ್ಲ. ಆ ಕಾಗದ ಹಿಡಿದು ಲಾಂಡ್ರಿಗೆ ಹೋದಾಗ ನನ್ನ ನಡಿಗೆಯಲ್ಲಿ ಸ್ವಲ್ಪ ಮೆರವಣಿಗೆಯ ಠೀವಿ ಇದ್ದದ್ದು ನಿಜ. ಭಾವ ಕಾಗದ ಓದಿ ಮಡಿಸಿ ವಾಪಸು ಕೊಟ್ಟು, "ನೀನು ತಪ್ಪಿಸ್ಕೊಂಡೆ, ನಿಮ್ಮಕ್ಕ ತಪ್ಪಿಸ್ಕೊಳ್ಳಲಿಲ್ಲ," ಎಂದರು. ಸಿಟ್ಟಿನಿಂದ ಕೌನ್ಸೆಲರ್‌ಗೆ ಫೋನ್ ಮಾಡಿದರೆ ಅವಳು, ಅವರು ಹೇಳುವುದು ಸರಿ ಎನ್ನಬೇಕೇ? ಅಕ್ಕತಂಗಿಯರಲ್ಲಿ ಒಬ್ಬಳಿಗೆ ಬಂದು ಇನ್ನೊಬ್ಬಳಿಗೆ ಬರದಿರಬಹುದಂತೆ. ಕಟ್ಟಕಡೆಗೆ ಭಾವ ಒಂದು ವಿಷಯದಲ್ಲಿ ವಿಜ್ಞಾನವನ್ನು ಒಪ್ಪಿದರು, ಅದೂ ನನ್ನ ವಿರುದ್ಧ ನುಡಿದಾಗ.

ತಿಂಗಳುಗಳು ಹೋದವು, ಭಾವನ ನೆಪಗಳು ಮುಗಿಯಲಿಲ್ಲ. ಇವತ್ತು ಬಾಯ್ಲರ್ ಕೆಟ್ಟಿದೆ, ನಾಳೆ ಹೋಟೆಲಿನ ಮೇಜುಬಟ್ಟೆಗಳು ಬಂದಿವೆ, ನಾಡಿದ್ದು ಸೂಜಿ ಎಂದರೆ ಆಗುವುದಿಲ್ಲ. ಗುಬ್ಬಿಗೆ ನೀನೇ ನೇರವಾಗಿ ರಕ್ತ ಕೊಟ್ಟು ಬಾ, ಯಾರ ಅಪ್ಪಣೆ ಬೇಕು ಎಂದು ನಾನು ಹೇಳಿ ಹೇಳಿ ಸೋತೆ. ಕೌನ್ಸೆಲರ್ ಕೂಡ ಅದಾಗುತ್ತದೆ ಎಂದಿದ್ದಳು. ಗುಬ್ಬಿಯದು ಒಂದೇ ಪಟ್ಟು. ದೊಡ್ಡಪ್ಪನಿಗಿಂತ ಮುಂಚೆ ತಾನು ಕೊಟ್ಟರೆ ದೊಡ್ಡಪ್ಪನನ್ನು ಅನುಮಾನಿಸಿದ ಹಾಗಾಗುತ್ತದಂತೆ. ಮಾತಿಗೆ ಕಟ್ಟುಬೀಳುವ ಈ ಹಟವೂ ಆ ಮನೆಯದ್ದೇ ಎಂದು ನಾನು ಮನಸ್ಸಿನಲ್ಲಿ ಶಪಿಸಿದೆ.

ಒಂದು ಮಧ್ಯಾಹ್ನ ಅಂಗಡಿಯ ಹಿಂಭಾಗಕ್ಕೆ ಹೋದೆ. ಗುಬ್ಬಿ ಇಸ್ತ್ರಿ ಪೆಟ್ಟಿಗೆಯನ್ನು ಬದಿಗಿಟ್ಟು, ಆವಿಯ ನಡುವೆ ಗೋಡೆಯ ಕಡೆ ತಿರುಗಿ ನಿಂತಿದ್ದಳು. ಎಡಗೈ ಎತ್ತಿ, ಬಲಗೈ ಬೆರಳುಗಳಿಂದ ಕಂಕುಳಿನ ಕೆಳಗೆ ಒತ್ತಿ ಒತ್ತಿ ನೋಡುತ್ತಿದ್ದಳು. ನನ್ನನ್ನು ಕಂಡು ಏನೂ ಆಗದವಳ ಹಾಗೆ ಅಂಗಿಯ ಕಾಲರ್ ಒತ್ತತೊಡಗಿದಳು. ದಿನಕ್ಕೆ ಎಷ್ಟು ಸಲ ಹೀಗೆ ನೋಡಿಕೊಳ್ಳುತ್ತಾಳೋ.

ನೇರ ಮುಂದಿನ ಕೌಂಟರಿಗೆ ಬಂದೆ. ಭಾವ ಯಾರೋ ವಕೀಲರ ಕರಿ ಕೋಟಿಗೆ ವೃತ್ತ ಎಳೆಯುತ್ತಿದ್ದರು. ವಕೀಲರೂ ಇದ್ದರು, ಪರದೆ ತಂದಿದ್ದ ಇಬ್ಬರು ಹೆಂಗಸರೂ ಇದ್ದರು. ಇದ್ದರೆ ಇರಲಿ ಎಂದುಕೊಂಡೆ.

"ಭಾವ, ಊರವ್ರ ಬಟ್ಟೆನೆಲ್ಲ ದೀಪದ ಕೆಳಗೆ ಹಾಕಿ ನೋಡ್ತೀರಿ. ನಿಮ್ಮದು ನೋಡೋಣ ಅಂದ್ರೆ ದೀಪ ಆರಿಸ್ತೀರಲ್ಲ, ಇದ್ಯಾವ ನ್ಯಾಯ?"

ವಕೀಲರು ಸಂತೋಷದಿಂದ ತಲೆ ಎತ್ತಿದರು, ನ್ಯಾಯ ಎಂಬ ಶಬ್ದ ಕಿವಿಗೆ ಬಿದ್ದದ್ದಕ್ಕೋ, ಅವರ ಕೋಟಿನಿಂದ ಗಮನ ಸರಿದದ್ದಕ್ಕೋ ತಿಳಿಯದು. ಭಾವ ಕಿವಿಯವರೆಗೂ ಕೆಂಪಾದರು. ಮರುದಿನ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಹೋಗಿ ರಕ್ತ ಕೊಟ್ಟು ಬಂದರು. ಪರಿಶುದ್ಧ ಎಂದು ವರದಿ ಬಂದ ಮೇಲೆ ಅದಕ್ಕೆ ಕಟ್ಟು ಹಾಕಿಸಿ ಕೌಂಟರಿನ ಮೇಲೆ ನೇತುಹಾಕುತ್ತೇನೆ, ನಿನಗೆ ಓದಲು ಅನುಕೂಲವಾಗಲಿ ಎಂದು ನನಗೆ ಹೇಳಿ ಕಳಿಸಿದರು.

ಕಟ್ಟು ಹಾಕಿಸುವ ಸಂದರ್ಭ ಬರಲಿಲ್ಲ. ಟೀಚರ್‌ನಲ್ಲಿದ್ದ ಅದೇ ದೋಷ, ಅದೇ ಜಾಗದಲ್ಲಿ, ಭಾವನಲ್ಲಿತ್ತು. ಅಚ್ಚಿನ ತಪ್ಪಿರಬಹುದೇ ಎಂದು ಭಾವ ಕೇಳಿದರು. ಇನ್ನೊಮ್ಮೆ ರಕ್ತ ತೆಗೆದು ನೋಡಿದರು, ತಪ್ಪಿರಲಿಲ್ಲ. ಇದು ಯಾವಾಗ ಅಂಟಿಕೊಂಡಿತು ಎಂದು ಕೇಳಿದ್ದಕ್ಕೆ ಆ ಹುಡುಗಿ ಏನೂ ಅರಿಯದೆ, "ಅಂಟಿಕೊಂಡಿದ್ದಲ್ಲ ಸರ್, ನೀವು ಹುಟ್ಟಿ ಬರೋವಾಗ್ಲೇ ಇತ್ತು," ಎಂದಳು. ಟೀಚರ್ ಕೆಮ್ಮಿದಳು. ನಾನು ಗಡಿಯಾರ ನೋಡಿದೆ.

ಗೆದ್ದೆ ಎನ್ನಿಸಬೇಕಿತ್ತು. ಅಷ್ಟು ವರ್ಷ ಕಾದದ್ದು ಅದಕ್ಕೇ. ಆದರೆ ನನ್ನ ಗೆಲುವಿನ ಇನ್ನೊಂದು ತುದಿಯಲ್ಲಿ ಗುಬ್ಬಿ ಕೂತಿದ್ದಳು, ಬೆರಳುಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು. ಕೆಳಗಿಳಿಯುವಾಗ ಭಾವ ಲಿಫ್ಟಿನ ಬಾಗಿಲಿಗೆ ಹೇಳುವಂತೆ, ಅವಳದ್ದಲ್ಲ ಅಂತಾಯ್ತು ಎಂದರು. ನನ್ನ ಅಕ್ಕನಿಗೆ ಸಂದ ಕ್ಷಮಾಪಣೆ ಅಷ್ಟೇ. ಮನೆಗೆ ಬಂದು ತುಂಬ ಹೊತ್ತು ಅತ್ತೆ. ಈ ಮಾತು ಕೇಳಬೇಕಾದವಳು ಆರು ವರ್ಷದ ಹಿಂದೆ, ಮಗಳಿಗೆ ತನ್ನಿಂದ ಕೇಡಾದೀತೆಂದು ನಡುಗುತ್ತಲೇ ಹೋಗಿದ್ದಳು.

ಭಾವ ಒಂದು ವಾರ ಮಂಕಾಗಿದ್ದರು. ಎರಡನೇ ವಾರ ಚೇತರಿಸಿಕೊಂಡರು. ಮೂರನೇ ವಾರ ನಾನು ಅಂಗಡಿಗೆ ಹೋದರೆ ಗಿರಾಕಿಯೊಬ್ಬರಿಗೆ ತಮ್ಮ ಜೀನಿನ ಮಹಾತ್ಮೆ ಹೇಳುತ್ತಿದ್ದರು. ಇದು ಕಂಡಕಂಡವರಿಗೆಲ್ಲ ಇರುವಂಥದ್ದಲ್ಲ, ನಮ್ಮ ಮುತ್ತಜ್ಜನ ಕಾಲದಿಂದ ಕೈಬಿಡದೆ ಬಂದಿದೆ, ಇಂಗ್ಲಿಷ್ ಹೆಸರಿದೆ ಎಂದು. ಸುಟ್ಟರೂ ಹುಟ್ಟುಗುಣ ಹೋಗದು. ಆದರೆ ಕಲಿತದ್ದನ್ನು ಚೆನ್ನಾಗಿಯೇ ಕಲಿತಿದ್ದರು. ಗುಬ್ಬಿ ಬಿಲ್ಲಿನ ಹಿಂದೆ ಚೌಕ ವೃತ್ತ ಬರೆದು ತಿಳಿಸಿಕೊಟ್ಟಿದ್ದಳಂತೆ. ಆ ಗಿರಾಕಿ, ನಮ್ಮ ಸೋದರಮಾವನ ಹೆಂಡತಿಗೆ ಇತ್ತು, ಅವರೇ ನನ್ನನ್ನು ಸಾಕಿದ್ದು, ನನಗೂ ಬರುತ್ತದೆಯೇ ಎಂದು ಕೇಳಿದಾಗ ಭಾವ ಗದರಿದರು: ಸಾಕಿದವರಿಂದ ಬರುವುದಿಲ್ಲ, ಹೆತ್ತ ಅಪ್ಪ ಅಮ್ಮನಿಂದ ಮಾತ್ರ, ಮಿಕ್ಕವರು ಯಾರೂ ಕೊಡಲಾರರು.

ಇಷ್ಟರಲ್ಲಿ ಗುಬ್ಬಿಯೂ ರಕ್ತ ಕೊಟ್ಟಿದ್ದಳು. ಫಲಿತಾಂಶದ ದಿನ ಟೀಚರ್‌ಗೆ ಶಾಲೆಯಿತ್ತು, ನಾವು ಮೂವರೇ ಹೋದೆವು. ಕೌನ್ಸೆಲರ್ ಹುಡುಗಿ ಬಾಗಿಲು ಹಾಕಿಕೊಂಡು ಕುರ್ಚಿಯನ್ನು ಮೇಜಿನ ಈಚೆಗೆ ಎಳೆದುಕೊಂಡಾಗಲೇ ನನಗೆ ಗೊತ್ತಾಯಿತು. ಗುಬ್ಬಿಯಲ್ಲೂ ಇತ್ತು. ಹುಡುಗಿ ಒಂದೊಂದಾಗಿ ಹೇಳಿದಳು: ಇದು ಕಾಯಿಲೆಯಲ್ಲ, ಕಾಯಿಲೆಯ ಸಾಧ್ಯತೆ. ಇವತ್ತು ನಿಮ್ಮ ಮೈಯಲ್ಲಿ ಏನೂ ಇಲ್ಲ. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿದರೆ ಬಂದರೂ ಬೇಗ ಸಿಗುತ್ತದೆ, ಬೇಗ ಸಿಕ್ಕರೆ ವಾಸಿ ಮಾಡಬಹುದು. ಆಪರೇಷನ್ನಿನ ದಾರಿಯೂ ಇದೆ, ಅದನ್ನು ನಿಧಾನವಾಗಿ ಯೋಚಿಸಿದರಾಯಿತು. ಗುಬ್ಬಿ ಎಲ್ಲಕ್ಕೂ ಹೂಂಗುಟ್ಟಿದಳು. ಕರವಸ್ತ್ರದ ಡಬ್ಬಿಯ ಕಡೆ ಕೈ ಹಾಕಲಿಲ್ಲ. ಕೊನೆಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಹಾಗಾದ್ರೆ ಇದನ್ನ ನನಗೆ ಕೊಟ್ಟಿದ್ದು ಅಪ್ಪನಾ?"

ಪ್ರಶ್ನೆ ಸಣ್ಣದು. ಉತ್ತರ ಅವಳಿಗೂ ಗೊತ್ತಿತ್ತು. ಆದರೆ ಕೇಳುವಾಗ ಅವಳ ದನಿ ಐದು ವರ್ಷದವಳ ದನಿಯಾಗಿತ್ತು. ಮುಖವೂ ನೆನಪಿಲ್ಲದ, ಒಂದು ತಪ್ಪನ್ನೂ ಮಾಡದ ಆ ಅಪ್ಪ ಅವಳಿಗೆ ಬಿಟ್ಟುಹೋದದ್ದು ಇದೊಂದೇ ಎಂದಾಗುತ್ತಿತ್ತು. ಹುಡುಗಿ ಹೌದು ಎನ್ನಲು ಬಾಯಿ ತೆರೆದಳು. ನಿಮ್ಮ ತಂದೆಯ ಮೂಲಕವೇ, ಎಂದು ಶುರುವನ್ನೂ ಮಾಡಿದಳು.

"ಅಲ್ಲ," ಎಂದರು ಭಾವ.

ನಾವು ಮೂವರೂ ಅವರ ಕಡೆ ನೋಡಿದೆವು. ಅವರು ಗುಬ್ಬಿಯನ್ನು ಬಿಟ್ಟು ಬೇರೆ ಯಾರನ್ನೂ ನೋಡುತ್ತಿರಲಿಲ್ಲ.

"ನಿಮ್ಮಪ್ಪಂದು ಇದ್ರಲ್ಲಿ ಏನೂ ಇಲ್ಲಮ್ಮ. ಅವನು ಚೊಕ್ಕ ಚಿನ್ನ. ಇದು ನಂದು, ನನ್ನಿಂದಾನೇ ಬಂದಿದ್ದು."

ಕೌನ್ಸೆಲರ್ ಹುಡುಗಿ, ಇವರಿಗೆ ಇಷ್ಟು ಸಲ ಹೇಳಿಯೂ ಅರ್ಥವಾಗಲಿಲ್ಲವೇ ಎಂಬಂತೆ ನನ್ನ ಮುಖ ನೋಡಿದಳು. ಭಾವನ ಮಾತು ತಿದ್ದುವುದೇ ನನ್ನ ಜೀವಮಾನದ ಕಸುಬು ಎಂದು ಅವಳಿಗೂ ಅಷ್ಟರಲ್ಲಿ ತಿಳಿದಿತ್ತು. ನಾನು ಬೇಡ ಎಂದು ತಲೆಯಾಡಿಸಿದೆ. ಗುಬ್ಬಿ ದೊಡ್ಡಪ್ಪನ ಕೈಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡಳು.

"ಹೂಂ ದೊಡ್ಡಪ್ಪ," ಎಂದಳು, "ನಿಮ್ಮದಲ್ದೆ ಇನ್ಯಾರದ್ದು ಬರುತ್ತೆ ನನಗೆ?"